ಕುಳ್ಳಾದ ಆನೆ

ಊರಿಗೆ ಹೋದಾಗ ಅಪ್ಪ ಕೇಳಿದ್ರು, "ಇನ್ನೂ ಮ್ಯಾನೇಜರ್ ಆಗಿಲ್ವೇನೋ?"

ಎರಡು ಸಲ ನಾನೇ ಬೇಡ ಅಂದೆ ಅನ್ನೋಕೆ ಬಾಯಿ ಬರಲಿಲ್ಲ. ಸುತ್ತಿಬಳಸಿ ಸಿಸಿಲಿ ದ್ವೀಪದ ಆನೆಗಳ ಕತೆ ಹೇಳಿದೆ. ಲಕ್ಷಾಂತರ ವರ್ಷಗಳ ಹಿಂದಿನ ಮಾತು. ಅವುಗಳ ಪೂರ್ವಜರು ಸುಮಾರು 4 ಮೀಟರ್ ಎತ್ತರ. ದ್ವೀಪದಲ್ಲಿ ಮೇವು ಕಡಿಮೆ, ಹಿಡಿದು ತಿನ್ನೋ ದೊಡ್ಡ ಪ್ರಾಣಿಗಳ ಕಾಟವೂ ಇಲ್ಲ. ಅಲ್ಲಿ ದೊಡ್ಡ ಮೈ ಬರೀ ಖರ್ಚು. ಕಡಿಮೆ ತಿಂದು ಬದುಕಬಲ್ಲ ಸಣ್ಣವೇ ಹೆಚ್ಚು ಉಳಿದು ಮರಿ ಹಾಕಿದವು. ತಲೆಮಾರುಗಳು ಉರುಳಿದಂತೆ ಎತ್ತರ ಸುಮಾರು 1 ಮೀಟರಿಗೆ ಇಳಿಯಿತು. ನಮ್ಮ ಕೊಟ್ಟಿಗೆಯ ಕರುವಿನಷ್ಟು.

ಅಪ್ಪ ನಕ್ಕರು. "ಬೆಂಗಳೂರಲ್ಲಿ ಮೇವಿಗೇನೋ ಬರ?"

"ಮೇವಿದೆ ಅಪ್ಪ, ಹೊತ್ತಿಲ್ಲ. ಮಗಳು ಮಲಗೋ ಮುಂಚೆ ಮನೆ ಸೇರಬೇಕು."

ಅಪ್ಪ ಮತ್ತೆ ಕೇಳಲಿಲ್ಲ.