ಒಂದು ಕೂಡುವ ಲೆಕ್ಕ

ರಜೆಗೆ ಬದನವಾಳಿಗೆ ಬಂದರೂ ಆ ತಪ್ಪು ಲ್ಯಾಪ್‌ಟಾಪಿನಲ್ಲಿ ಜೊತೆಗೇ ಬಂದಿತ್ತು. ಮೆಮೊರಿಯ ಒಂದು ತುಂಡನ್ನು ಎಷ್ಟು ಕೆಲಸಗಳು ಬಳಸುತ್ತಿವೆ ಎಂದು ಕರ್ನಲ್ ಎಣಿಸಿಟ್ಟುಕೊಳ್ಳುತ್ತದೆ. ಸಾವಿರಾರು ಸಲ ಓಡಿಸಿದರೆ ಎಲ್ಲೋ ಒಮ್ಮೆ ಆ ಎಣಿಕೆ ಒಂದು ಕಡಿಮೆ ಬರುತ್ತದೆ. ಆಗ ಬಳಕೆಯಲ್ಲಿರುವ ತುಂಡನ್ನೇ ಖಾಲಿಯೆಂದು ಬಗೆದು ಬೇರೆ ಕೆಲಸಕ್ಕೆ ಕೊಟ್ಟುಬಿಡುತ್ತದೆ. ನನ್ನ ಪಿಎಚ್.ಡಿ.ಯ ಮೂರು ವರ್ಷದ ಅಳತೆಗಳೆಲ್ಲ ನಿಂತಿರುವುದು ಇದರ ಮೇಲೆ.

"ಒಂದ್ ಕೂಡಕ್ಕೆ ಎಷ್ಟ್ ದಿನ ಮಗ?" ಅಂದಳು ಅವ್ವ.

ಕೂಡುವುದೆಂದರೆ ಮೂರು ಹೆಜ್ಜೆ: ಓದು, ಕೂಡು, ಬರೆ. ಒಂದು ಕೆಲಸ 41 ಎಂದು ಓದಿಕೊಂಡ ಗಳಿಗೆಯಲ್ಲೇ ಕರ್ನಲ್ ಅದನ್ನು ಎಬ್ಬಿಸಿ ಇನ್ನೊಂದನ್ನು ಕೂರಿಸಿದರೆ, ಅದೂ 41 ಓದಿ 42 ಬರೆಯುತ್ತದೆ. ಮೊದಲನೆಯದು ಮರಳಿ ಬಂದು ಮತ್ತೆ 42 ಎಂದೇ ಬರೆಯುತ್ತದೆ. ಹಿಡಿಯೋಣವೆಂದು ನಡುವೆ ಒಂದು ಪ್ರಿಂಟ್ ಸಾಲು ಹಾಕಿದರೆ ವೇಳೆಯೇ ಬದಲಾಗಿ ತಪ್ಪು ಮಾಯ.

ಮೈಸೂರು–ಚಾಮರಾಜನಗರದ ಒಂಟಿ ಹಳಿಯಲ್ಲಿ ಎದುರು ರೈಲು ದಾಟುವವರೆಗೆ ಕಾದವರಿಗೆ ಇದರ ಮದ್ದು ಗೊತ್ತು. ಡೈಕ್‌ಸ್ಟ್ರಾ 1960ರ ದಶಕದಲ್ಲಿ ಇಂಥದೊಂದು ಬೀಗಕ್ಕೆ ಸೆಮಫೋರ್ ಎಂದು ರೈಲಿನ ಕೈಮರದ ಹೆಸರನ್ನೇ ಇಟ್ಟ. ನಾನೂ ಬೀಗ ಹಾಕಿದೆ. ಲಕ್ಷ ಸಲ ಓಡಿತು, ತಪ್ಪಿಲ್ಲ. ಪ್ರಿಂಟ್ ಹಾಕಿದಾಗಲೂ ತಪ್ಪು ಕಂಡಿರಲಿಲ್ಲವಲ್ಲ! ಹಾಗಾಗಿ ಕಾಗದ ಹಿಡಿದು ಕೂತೆ. ಎರಡು ಕೆಲಸಗಳ ಮೂರು ಮೂರು ಹೆಜ್ಜೆಗಳು ಹೆಣೆದುಕೊಳ್ಳುವ ಬಗೆ 20. ಅವುಗಳಲ್ಲಿ ಲೆಕ್ಕ ಸರಿಬರುವುದು 2ರಲ್ಲಿ ಮಾತ್ರ. ಬೀಗ ಹಾಕಿದ ಮೇಲೆ ಉಳಿಯುವುದೂ ಆ ಎರಡೇ.