ಜೆನಿನ್ ಊರಿನ ಚಿತ್ರಮಂದಿರ

ಪ್ಯಾಲೆಸ್ಟೈನಿನ ಪಶ್ಚಿಮ ದಂಡೆಯ ಉತ್ತರ ಭಾಗದಲ್ಲಿ, ಗುಡ್ಡಗಳ ಸಾಲು ಮುಗಿದು ಬಯಲು ತೆರೆದುಕೊಳ್ಳುವೆಡೆ, ಜೆನಿನ್ ಎಂಬ ಊರಿದೆ. ಆ ಹೆಸರಿನಲ್ಲಿ ತೋಟಗಳ ನೆನಪು ಅಡಗಿದೆಯೆಂದು ಬಲ್ಲವರು ಹೇಳುತ್ತಾರೆ. ನಮ್ಮ ಕಿವಿಗೆ ಮಾತ್ರ ಅದು ಬಿದ್ದದ್ದು ಗುಂಡಿನ ಸದ್ದಿನೊಡನೆಯೇ. ಮನೆಮಾರು ಕಳೆದುಕೊಂಡವರಿಗಾಗಿ 1953ರಲ್ಲಿ ಅಲ್ಲೊಂದು ನಿರಾಶ್ರಿತರ ಶಿಬಿರ ಸ್ಥಾಪನೆಯಾಯಿತು. 2002ರ ಏಪ್ರಿಲ್ ತಿಂಗಳಿನಲ್ಲಿ ಆ ಶಿಬಿರದೊಳಗೆ ನಡೆದ ಕಾಳಗದಲ್ಲಿ 52 ಮಂದಿ ಪ್ಯಾಲೆಸ್ಟೀನಿಯರೂ 23 ಮಂದಿ ಇಸ್ರೇಲಿ ಸೈನಿಕರೂ ಮಡಿದರು. ನೂರಾರು ಮನೆಗಳು ನೆಲಸಮವಾದವು. ಇಂಥ ಊರಿನಲ್ಲಿ ಚಿತ್ರಮಂದಿರವೊಂದು ಕಣ್ಮುಚ್ಚಿ, ಮತ್ತೆ ಕಣ್ತೆರೆದು, ಕೊನೆಗೆ ಇಲ್ಲವಾದ ಕಥೆಯಿದು. ನಾನು ಆ ಊರಿಗೆ ಹೋದವನಲ್ಲ. ಎರಡು ಸಾಕ್ಷ್ಯಚಿತ್ರಗಳು ನನ್ನನ್ನು ಅಲ್ಲಿಗೆ ಕರೆದೊಯ್ದವು.

ಮೊದಲನೆಯದು ‘ಜೆನಿನ್ನಿನ ಹೃದಯ’ ಎಂಬ ಅರ್ಥದ ಹೆಸರುಳ್ಳ 2008ರ ಚಿತ್ರ. ಜರ್ಮನಿಯ ಮಾರ್ಕುಸ್ ಫೆಟ್ಟರ್ ಮತ್ತು ಇಸ್ರೇಲಿನ ಲಿಯಾನ್ ಗೆಲ್ಲರ್ ಅದನ್ನು ತಯಾರಿಸಿದರು. ಅದರ ವಸ್ತು ಕಲ್ಪಿತವಲ್ಲ. 2005ರ ನವೆಂಬರಿನಲ್ಲಿ, ರಂಜಾನ್ ಹಬ್ಬದ ದಿನಗಳಲ್ಲಿ, ಹನ್ನೆರಡು ವರ್ಷದ ಅಹ್ಮದ್ ಖತೀಬ್ ಎಂಬ ಬಾಲಕ ಆಟದ ಬಂದೂಕು ಹಿಡಿದಿದ್ದ. ಅದನ್ನು ನಿಜವಾದ ಬಂದೂಕೆಂದು ಬಗೆದು ಗುಂಡು ಹಾರಿಸಿದೆವೆಂದು ಇಸ್ರೇಲಿ ಸೈನ್ಯ ಹೇಳಿತು. ಹುಡುಗನನ್ನು ಹೈಫಾ ನಗರದ ಆಸ್ಪತ್ರೆಗೆ ಸಾಗಿಸಿದರೂ ಅವನು ಉಳಿಯಲಿಲ್ಲ. ಆಗ ಆಸ್ಪತ್ರೆಯವರು ತಂದೆಯಾದ ಇಸ್ಮಾಯಿಲ್ ಖತೀಬರನ್ನು ಒಂದು ಮಾತು ಕೇಳಿದರು: ಮಗನ ಅಂಗಗಳನ್ನು ಕೊಡುವಿರಾ? ಅವರು ಮನೆಯವರನ್ನೂ ಧರ್ಮ ಬಲ್ಲ ಹಿರಿಯರನ್ನೂ ವಿಚಾರಿಸಿ ಒಪ್ಪಿದರು. ಆ ಅಂಗಗಳು ಇಸ್ರೇಲಿನ ಆರು ಮಂದಿಗೆ ಸಂದವು.

ಮಗನನ್ನು ಕೊಟ್ಟ ತಂದೆಯೆಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವವನು ಸಿರಿಯಾಳ. ಆದರೆ ಸಿರಿಯಾಳನಿಗೆ ಕೊನೆಯಲ್ಲಿ ಮಗ ಓಡೋಡಿ ಬಂದ. ಇಸ್ಮಾಯಿಲರಿಗೆ ಹಾಗೆ ಬರುವ ಮಗನಿಲ್ಲ. ಅವರೇ ಮಗನನ್ನು ಹುಡುಕಿಕೊಂಡು ಹೊರಡುತ್ತಾರೆ. ಎರಡು ವರ್ಷಗಳ ತರುವಾಯ, ತಪಾಸಣೆಯ ಕಟ್ಟೆಗಳನ್ನು ದಾಟಿ, ಆ ಮಕ್ಕಳ ಮನೆಮನೆಗೆ ಅವರು ಹೋಗುವ ಪ್ರಯಾಣವೇ ಈ ಚಿತ್ರ. ಡ್ರೂಜ್ ಪಂಥದ ಹುಡುಗಿಯೊಬ್ಬಳ ಎದೆಯಲ್ಲಿ ಅಹ್ಮದನ ಹೃದಯವಿದೆ. ಮೂತ್ರಪಿಂಡಗಳಲ್ಲಿ ಒಂದು ಬೆಡೊಯಿನ್ ಬಾಲಕನಿಗೆ, ಇನ್ನೊಂದು ಜೆರುಸಲೇಮಿನ ಸಂಪ್ರದಾಯಸ್ಥ ಯೆಹೂದಿ ಮನೆತನದ ಪುಟ್ಟ ಹುಡುಗಿಗೆ ಸೇರಿವೆ. ಡ್ರೂಜ್ ಮನೆಯಲ್ಲಿ ಪ್ರೀತಿಯ ಸ್ವಾಗತ ದೊರೆಯುತ್ತದೆ. ನನ್ನನ್ನು ಕಾಡಿದ್ದು ಅದಲ್ಲ, ಜೆರುಸಲೇಮಿನ ಆ ಮನೆ. ದಾನಿ ಯೆಹೂದಿಯೇ ಆಗಿದ್ದರೆ ಒಳ್ಳೆಯದಿತ್ತೆಂದು ಹಿಂದೆ ಮಾತನಾಡಿದ್ದ ತಂದೆ, ಮಗನನ್ನು ಕಳೆದುಕೊಂಡ ತಂದೆಯೆದುರು ಕುಳಿತಿದ್ದಾನೆ. ಕೃತಜ್ಞತೆ ಹೇಳಬೇಕು, ಹೇಳಿದರೆ ಸಾಲದೆಂಬುದೂ ಗೊತ್ತು. ಇಬ್ಬರ ನಡುವಿನ ಆ ಸಂಕೋಚವನ್ನು ಯಾವ ನಾಟಕಕಾರನೂ ಹೀಗೆ ಬರೆಯಲಾರ. ಚಿತ್ರ ಅದನ್ನು ಸಿಹಿಗೊಳಿಸದೆ ಬಿಟ್ಟಿದೆ. ಅದರ ದೊಡ್ಡತನ ಇರುವುದು ಅಲ್ಲಿಯೇ. 2010ರಲ್ಲಿ ಅದಕ್ಕೆ ಶ್ರೇಷ್ಠ ಸಾಕ್ಷ್ಯಚಿತ್ರವೆಂದು ಜರ್ಮನಿಯ ರಾಷ್ಟ್ರೀಯ ಚಿತ್ರಪ್ರಶಸ್ತಿ ಬಂದಿತು.

ಆದರೆ ಜೆನಿನ್ನಿನ ಕಥೆಯನ್ನು ಜೆನಿನ್ನಿನವರಿಗೆ ತೋರಿಸಲು ಊರಿನಲ್ಲಿ ಚಿತ್ರಮಂದಿರವೇ ಇರಲಿಲ್ಲ! ಇದ್ದ ಒಂದು 1987ರಲ್ಲಿ, ಪ್ಯಾಲೆಸ್ಟೀನಿಯರ ಮೊದಲ ಬಂಡಾಯದ ಕಾಲಕ್ಕೆ, ಬಾಗಿಲು ಮುಚ್ಚಿ ಪಾಳುಬಿದ್ದಿತ್ತು. ಫೆಟ್ಟರ್ ಅದನ್ನು ಎಬ್ಬಿಸಿ ನಿಲ್ಲಿಸುವ ಪಣ ತೊಟ್ಟರು, ಇಸ್ಮಾಯಿಲರೂ ಜೊತೆಗೂಡಿದರು. ಹೊರದೇಶಗಳಿಂದ ಬಂದ ಸ್ವಯಂಸೇವಕರೂ ಊರಿನ ಕೆಲಸಗಾರರೂ ಸೇರಿ ಧೂಳು ಕೊಡವಿದರು. ಜರ್ಮನ್ ಸರ್ಕಾರ ನೆರವು ನೀಡಿತು. ಧ್ವನಿಯ ಉಪಕರಣಗಳಿಗೆ ಇಂಗ್ಲೆಂಡಿನ ಗಾಯಕ ರೋಜರ್ ವಾಟರ್ಸ್ ಹಣ ಕೊಟ್ಟರು. ಮುನ್ನೂರಕ್ಕೂ ಹೆಚ್ಚು ಆಸನಗಳು ಸಿದ್ಧವಾದವು. 2010ರ ಆಗಸ್ಟ್ 5ರಂದು ಬಾಗಿಲು ತೆರೆಯಿತು. ಮೊದಲು ತೆರೆಯ ಮೇಲೆ ಮೂಡಿದ್ದು ಈ ಚಿತ್ರವೇ. ತಮ್ಮದೇ ಓಣಿಯನ್ನು, ತಮ್ಮದೇ ನೆರೆಯವನ ಸಂಕಟವನ್ನು ಅಷ್ಟು ದೊಡ್ಡದಾಗಿ ಕತ್ತಲಲ್ಲಿ ಕುಳಿತು ನೋಡಿದ ಜನರ ಮನಸ್ಸಿನಲ್ಲಿ ಏನೇನು ಹಾದುಹೋಗಿರಬಹುದೆಂದು ನಾನು ಹಲವು ಸಲ ಊಹಿಸಿದ್ದೇನೆ.

ಅನಂತರದ ದಿನಗಳು ಸುಲಭವಾಗಿರಲಿಲ್ಲ. ಮನೆಯಲ್ಲೇ ದೂರದರ್ಶನವಿರುವಾಗ ಟಿಕೆಟ್ಟು ಕೊಳ್ಳುವವರೆಷ್ಟು ಮಂದಿ? ಶತ್ರುವಿನೊಡನೆ ಸ್ನೇಹ ಬೆಳೆಸುವ ಹೊರಗಿನವರ ಹೂಟವಿದೆಂದು ಶಂಕಿಸಿದವರೂ ಇದ್ದರು. ದಿನವೂ ಅಂಕುಶದಡಿ ಬಾಳುವವರ ಆ ಶಂಕೆಯನ್ನು ನಾವು ದೂರದಲ್ಲಿ ಕುಳಿತು ಹಗುರವಾಗಿ ತಳ್ಳಿಹಾಕುವಂತಿಲ್ಲ. 2011ರ ಏಪ್ರಿಲಿನಲ್ಲಿ ಅದೇ ಊರಿನ ನಾಟಕಶಾಲೆಯ ನಿರ್ದೇಶಕ ಜೂಲಿಯಾನೊ ಮೇರ್-ಖಮೀಸರನ್ನು ಯಾರೋ ಗುಂಡಿಟ್ಟು ಕೊಂದರು. ಕಲೆಯ ಕೆಲಸ ಅಲ್ಲಿ ಎಂಥ ನೆಲದ ಮೇಲೆ ನಿಂತಿತ್ತೆಂಬುದಕ್ಕೆ ಬೇರೆ ಮಾತು ಬೇಕಿಲ್ಲ.

ಇಷ್ಟಾದರೂ ಚಿತ್ರಮಂದಿರವನ್ನು ಕೊನೆಗೆ ಕೆಡವಿದ್ದು ಯುದ್ಧವಲ್ಲ, ವ್ಯಾಪಾರ. ನಿವೇಶನ ಮಾರಾಟವಾಯಿತು, 2016ರ ಕೊನೆಗೆ ವಾಣಿಜ್ಯ ಕಟ್ಟಡಕ್ಕಾಗಿ ಗೋಡೆಗಳು ಉರುಳಿದವು. ತಾವು ಬಾಲ್ಯದಲ್ಲಿ ಚಿತ್ರ ನೋಡಿದ ಟಾಕೀಸಿನ ಜಾಗದಲ್ಲಿ ಅಂಗಡಿಗಳ ಸಾಲು ಎದ್ದದ್ದನ್ನು ಕಂಡಿರುವ ಬೆಂಗಳೂರಿಗರಿಗೆ ಇದರಲ್ಲಿ ಹೊಸತೇನೂ ಇಲ್ಲ. ಹೊಸತೆಂದರೆ, ಇಲ್ಲಿ ಆರು ವರ್ಷಗಳ ಹಿಂದೆಯಷ್ಟೇ ಬಳಿದ ಬಣ್ಣವೂ ಗೋಡೆಯ ಜೊತೆಗೆ ಪುಡಿಯಾಯಿತು. ಇನ್ನು ಶಿಬಿರದವರಾದರೋ, 2025ರ ಜನವರಿಯಲ್ಲಿ ಇಸ್ರೇಲಿ ಸೈನ್ಯ ಮತ್ತೆ ನುಗ್ಗಿದಾಗ ಸಾವಿರಾರು ಸಂಖ್ಯೆಯಲ್ಲಿ ಮನೆ ತೊರೆದು ಹೊರಬಿದ್ದರು.

ನಾನು ಕಂಡ ಎರಡನೆಯ ಚಿತ್ರವೂ ಫೆಟ್ಟರ್ ಅವರದೇ, 2012ರಲ್ಲಿ ಬಂದದ್ದು. ಪಾಳು ಕಟ್ಟಡ ಚಿತ್ರಮಂದಿರವಾಗಿ ಎದ್ದುನಿಂತ ಬಗೆಯನ್ನು ಅದು ತೋರಿಸುತ್ತದೆ. ಅದನ್ನು ತೆಗೆಯುವಾಗ ಕಟ್ಟಡ ಉಳಿಯುವುದೆಂದೇ ಎಲ್ಲರ ನಂಬಿಕೆ. ಆ ಬಾಗಿಲು, ಆ ಆಸನಗಳ ಸಾಲು, ಬೆಳ್ಳನೆಯ ಆ ತೆರೆ ಈಗ ನೋಡಲು ಸಿಗುವುದು ಆ ಚಿತ್ರದಲ್ಲಿ.