ಅಣ್ಣ ಕರೆದೊಯ್ಯದ ಶೋಲಾವರಂ

ಭಾನುವಾರ ಊಟ ಮುಗಿಸಿ ಒಂದು ಗಳಿಗೆ ಅಡ್ಡಾಗೋಣವೆಂದರೆ ನಮ್ಮ ಮತ್ತಿಕೆರೆಯ ಮನೆಯಲ್ಲಿ ಈಗ ಅದು ಆಗದ ಮಾತು. ಒಳಕೋಣೆಯಿಂದ ಕಾರು, ಬೈಕುಗಳ ಆರ್ಭಟ! ಬೀದಿಯದಲ್ಲ, ಮಗನ ಕಂಪ್ಯೂಟರಿನದು. ಮೇಜಿಗೆ ಸ್ಟೀರಿಂಗ್ ಬಿಗಿದುಕೊಂಡು ರೇಸ್ ಆಡುತ್ತಾನೆ. ಮೂವತ್ತು ದಾಟಿದವನನ್ನು ಬೈಯುವುದಾದರೂ ಹೇಗೆ, ಹೇಳಿ?

ಹಳೆಯ ರೇಸ್ ಟ್ರ್ಯಾಕುಗಳನ್ನು ಆಟದೊಳಗೆ ಮತ್ತೆ ಕಟ್ಟುವ ಗೀಳು ಬೇರೆ. ಇಟಲಿಯ ಮೊನ್ಜಾ 1922ರದು. ವೇಗ ತಗ್ಗಿಸಲೆಂದು 1972ರಲ್ಲಿ ಅಲ್ಲಿ ಅಡ್ಡ ತಿರುವುಗಳನ್ನು ಹಾಕಿದರಂತೆ. ಬೆಲ್ಜಿಯಮ್ಮಿನ ಸ್ಪಾ 14 ಕಿಲೋಮೀಟರ್ ಇದ್ದದ್ದು 1979ರಲ್ಲಿ ಅರ್ಧದಷ್ಟಾಯಿತು. ಪ್ರಾಣಾಪಾಯ ತಪ್ಪಲೆಂದು ಮಾಡಿದ ಬದಲಾವಣೆಗಳು. "ಆಟದಲ್ಲಿ ಯಾರೂ ಸಾಯಲ್ಲವಲ್ಲಮ್ಮ, ಹಳೇದನ್ನ ಹಳೇ ಥರಾನೇ ಇಡಬಹುದು" ಎನ್ನುತ್ತಾನೆ.

ಹೋದ ತಿಂಗಳು "ಅಮ್ಮಾ, ಮಾವನ ಆಲ್ಬಮ್ ಎಲ್ಲಿ? ಶೋಲಾವರಂ ಮಾಡ್ತಿದ್ದೀನಿ" ಎಂದಾಗ ನನ್ನ ಎದೆ ಧಸಕ್ಕೆಂದಿತು.

ಶೋಲಾವರಂ ಚೆನ್ನೈ ದಾಟಿದರೆ ಸಿಗುವ ಊರು. ಎರಡನೇ ಮಹಾಯುದ್ಧದ ಕಾಲದ ರನ್‌ವೇಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ರೇಸ್ ನಡೆಸುತ್ತಿದ್ದರು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಹೊಸ ಟ್ರ್ಯಾಕ್ ಆಯಿತು, ಹಳೆಯದು ಮರೆಯಾಯಿತು. ಎಪ್ಪತ್ತರ ದಶಕದಲ್ಲಿ ನಮ್ಮಣ್ಣ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕನ್ನೇರಿ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಹೋಗಿ, ಅಲ್ಲಿ ಓಡಿಸಿ ಬರುತ್ತಿದ್ದ. ಅಮ್ಮನಿಗೆ "ಸ್ನೇಹಿತನ ಮದುವೆ" ಎಂದು ಸುಳ್ಳು ಹೇಳುತ್ತಿದ್ದವಳು ನಾನೇ! "ನನ್ನನ್ನೂ ಕರ್ಕೊಂಡು ಹೋಗೋ" ಅಂದರೆ ಮಾತ್ರ "ಹೆಣ್ಣುಮಕ್ಕಳಿಗೆ ಅಲ್ಲೇನೇ ಕೆಲಸ?" ಅನ್ನುತ್ತಿದ್ದ. ಅಮ್ಮ ಹೆದರಿದ ಬೈಕು ಅವನಿಗೇನೂ ಮಾಡಲಿಲ್ಲ. ಒಂಬತ್ತು ವರ್ಷದ ಹಿಂದೆ ಹೃದಯಾಘಾತವಾಗಿ ಹೋದ.

ಉಪಗ್ರಹದ ಚಿತ್ರದ ಮೇಲೆ ಅಳತೆ ಹಿಡಿದು, ಫೋಟೋ ನೋಡಿ ಮಗ ಕಟ್ಟಿದ ಟ್ರ್ಯಾಕ್ ಹೊಸ ಹೈವೇಯಂತೆ ನುಣ್ಣಗಿತ್ತು. "ಇದಲ್ಲ ಕಣೋ. ನಿಮ್ಮ ಮಾವ ವಾಪಸ್ ಬಂದಾಗ ಎರಡೂ ಅಂಗೈ ಬೊಬ್ಬೆ ಎದ್ದಿರೋದು. ಅಮ್ಮನಿಗೆ ಕಾಣದ ಹಾಗೆ ನಾನು ಬೆಣ್ಣೆ ಹಚ್ತಿದ್ದೆ. ನೆಲ ಎತ್ತೆತ್ತಿ ಹಾಕುತ್ತೆ, ಹ್ಯಾಂಡಲ್ ಕೈಲಿ ನಿಲ್ಲಲ್ಲ ಅಂತಿದ್ದ" ಎಂದೆ. ಮಗ ನನ್ನ ಮುಖವನ್ನೇ ನೋಡಿದ. ಇದು ಯಾವ ಫೋಟೋದಲ್ಲೂ ಇರಲಿಲ್ಲ. ಅಂದಿನಿಂದ ಮೂರು ವಾರ ಕೂತು ಉಬ್ಬು, ತಗ್ಗು, ಬಿರುಕುಗಳನ್ನೆಲ್ಲ ಸೇರಿಸಿದ.

ಮೊನ್ನೆ ಕುರ್ಚಿ ಎಳೆದು "ಬಾಮ್ಮ, ನೀನೇ ಮೊದಲು ಓಡಿಸು" ಅಂದ. ಬೈಕಿಗೆ ಧೈರ್ಯ ಸಾಲದೆ ಕಾರು ಆರಿಸಿಕೊಂಡೆ. ಮೊದಲ ತಿರುವಿನಲ್ಲೇ ಹುಲ್ಲಿಗೆ ನುಗ್ಗಿದೆ, ಅನ್ನಿ! ಮತ್ತೆ ಹೊರಟೆ. ಸ್ಟೀರಿಂಗ್ ಗಡಗಡ ಅದುರಿ ಅಂಗೈ ಕೆಂಪಾಯಿತು. ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದೂ ತಿಳಿಯಲಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಆಲ್ಬಮ್ ಇದ್ದೀತು. ಮಕ್ಕಳು ಕೇಳಿದರೆ ಬರೀ ಕೊಟ್ಟು ಬರಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ.